ಟೋಟರ್ ಪುಂಕ್ಟ್: ಜರ್ಮನ್ ವಂಶಾವಳಿ ತಟ್ಟನೆ ನಿಲ್ಲುವ ಜಾಗ

ಜರ್ಮನ್ ಮೂಲದ ಕುಟುಂಬಗಳ ವಂಶಾವಳಿ ಹುಡುಕುವವರು ‘ಟೋಟರ್ ಪುಂಕ್ಟ್’ ಎಂಬ ಮಾತನ್ನು ಪದೇ ಪದೇ ಬಳಸುತ್ತಾರೆ. ಸತ್ತ ಬಿಂದು ಎಂದು ಅದರ ಅರ್ಥ. ಅಪ್ಪ, ಅಜ್ಜ, ಮುತ್ತಜ್ಜ ಎಂದು ಹಿಂದೆ ಹೋಗುತ್ತಾ ಇರುತ್ತೇವೆ. ಎಲ್ಲೋ ಒಬ್ಬ ಪೂರ್ವಜನ ಹತ್ತಿರ ದಾರಿ ನಿಂತುಬಿಡುತ್ತದೆ. ಅವನ ಮದುವೆ ಗೊತ್ತು, ಮಕ್ಕಳು ಗೊತ್ತು. ಆದರೆ ಅವನು ಹುಟ್ಟಿದ ಊರು ಯಾವುದು, ಹೆತ್ತವರು ಯಾರು ಎಂಬುದು ಎಲ್ಲೂ ಸಿಗುವುದಿಲ್ಲ. ಆ ಪೂರ್ವಜನೇ ಆ ಮನೆತನದ ಟೋಟರ್ ಪುಂಕ್ಟ್.

ದೊಡ್ಡ ಮನೆತನಗಳಿಗೂ ಇದು ತಪ್ಪಿದ್ದಲ್ಲ. ಸಂಗೀತಗಾರ ಯೊಹಾನ್ ಸೆಬಾಸ್ಟಿಯನ್ ಬಾಖ್ 1735ರಲ್ಲಿ ತನ್ನ ಕುಟುಂಬದ ಪಟ್ಟಿ ಬರೆದ. ಅದು ಶುರುವಾಗುವುದು ಫೈಟ್ ಬಾಖ್ ಎಂಬ ಬ್ರೆಡ್ ಸುಡುವವನಿಂದ. ಲೂಥರ್ ಪಂಥದವನಾದ ಕಾರಣ ಅವನು ಹಂಗೇರಿ ಬಿಟ್ಟು ಜರ್ಮನಿಯ ಥುರಿಂಗಿಯಾಕ್ಕೆ ಬರಬೇಕಾಯಿತು ಎಂದು ಬಾಖ್ ಬರೆಯುತ್ತಾನೆ. ಫೈಟ್ ಹಿಟ್ಟಿನ ಗಿರಣಿಗೂ ತನ್ನ ತಂತಿವಾದ್ಯ ಒಯ್ದು, ಕಾಳು ಬೀಸುವಷ್ಟು ಹೊತ್ತೂ ನುಡಿಸುತ್ತಿದ್ದನಂತೆ. ಇಷ್ಟು ಚೆಂದದ ವಿವರ ಮನೆಯಲ್ಲಿ ಉಳಿದಿತ್ತು, ಆದರೆ ಫೈಟ್‌ನ ಅಪ್ಪನ ಹೆಸರು ಆ ಪಟ್ಟಿಯಲ್ಲಿಲ್ಲ.

ದಾರಿ ಯಾಕೆ ಹೀಗೆ ನಿಲ್ಲುತ್ತದೆ? ಇಡೀ ಜರ್ಮನಿಯಲ್ಲಿ ಸರ್ಕಾರವೇ ಜನನ, ಮದುವೆ, ಮರಣ ದಾಖಲಿಸಲು ಶುರು ಮಾಡಿದ್ದು 1876ರಲ್ಲಿ. ಅದಕ್ಕಿಂತ ಹಿಂದಿನದಕ್ಕೆ ಬಹುಮಟ್ಟಿಗೆ ಚರ್ಚಿನ ದಾಖಲೆ ಪುಸ್ತಕಗಳೇ ಆಧಾರ. ಅವನ್ನು ‘ಕಿರ್ಖನ್‌ಬುಖ್’ ಎನ್ನುತ್ತಾರೆ. ಕ್ಯಾಥೊಲಿಕ್ ಚರ್ಚು ಮದುವೆ, ದೀಕ್ಷಾಸ್ನಾನದ (ಮಗುವನ್ನು ಚರ್ಚಿಗೆ ಸೇರಿಸುವ ವಿಧಿಯ) ಪುಸ್ತಕ ಇಡಲೇಬೇಕು ಎಂದು 1563ರಲ್ಲಿ ಟ್ರೆಂಟ್ ಸಭೆಯಲ್ಲಿ ಗೊತ್ತುಮಾಡಿತು. ಎಷ್ಟೋ ಪ್ರಾಟೆಸ್ಟೆಂಟ್ ಊರುಗಳಲ್ಲಿ ಅದಕ್ಕೂ ಮೊದಲೇ ಪುಸ್ತಕಗಳಿದ್ದವು. ಆದರೆ 1618ರಿಂದ 1648ರವರೆಗೆ ನಡೆದ ಮೂವತ್ತು ವರ್ಷಗಳ ಯುದ್ಧ ಊರುಗಳನ್ನೇ ಸುಟ್ಟಿತು. ಪುಸ್ತಕಗಳೂ ಸುಟ್ಟವು. ಯುದ್ಧ ಮುಗಿದ ಮೇಲೆ ಬರಿದಾದ ನೈಋತ್ಯ ಜರ್ಮನಿಯ ಪಲಟಿನೇಟ್, ಕ್ರೈಖ್‌ಗಾವ್ ಕಡೆಗೆ ಸ್ವಿಟ್ಜರ್ಲೆಂಡಿನಿಂದ ಜನ ಬಂದು ನೆಲೆಸಿದರು. ಪಾದ್ರಿ ಕೆಲವೊಮ್ಮೆ ‘ಬರ್ನ್ ಸೀಮೆಯವನು’ ಎಂದಷ್ಟೇ ಬರೆದು ಮುಂದಿನ ಸಾಲಿಗೆ ಹೋಗುತ್ತಿದ್ದ. ಬರ್ನ್ ಸೀಮೆಯಲ್ಲಿ ಎಷ್ಟು ಹಳ್ಳಿಗಳಿಲ್ಲ!

ಇನ್ನು ಹೆಸರುಗಳ ತೊಡಕು. ಉತ್ತರದ ಓಸ್ಟ್‌ಫ್ರೀಸ್‌ಲಾಂಡ್‌ನಲ್ಲಿ ಖಾಯಂ ಮನೆತನದ ಹೆಸರು ಇಟ್ಟುಕೊಳ್ಳುವ ಪದ್ಧತಿ ಬಹುಕಾಲ ಬೇರೂರಲಿಲ್ಲ. ನಾವು ಅಪ್ಪನ ಹೆಸರನ್ನು ಇನಿಷಿಯಲ್ ಮಾಡಿಕೊಳ್ಳುವ ಹಾಗೆ, ಅಲ್ಲಿ ಅಪ್ಪನ ಹೆಸರೇ ಮಕ್ಕಳ ಕೊನೆಯ ಹೆಸರು. ಯಾನ್ ಎಂಬವನ ಮಗ ಹಿನ್ರಿಕ್ ಯಾನ್ಸನ್. ಈ ಹಿನ್ರಿಕ್‌ನ ಮಕ್ಕಳು ಹಿನ್ರಿಕ್ಸ್. ತಲೆಮಾರಿಗೊಮ್ಮೆ ಹೆಸರು ಬದಲು. ಖಾಯಂ ಹೆಸರು ಇಟ್ಟುಕೊಳ್ಳಿ ಎಂಬ ನೆಪೋಲಿಯನ್‌ನ ಆಜ್ಞೆ ಬಂದದ್ದು 1811ರಲ್ಲಿ.

ವೆಸ್ಟ್‌ಫೇಲಿಯಾದ ಪದ್ಧತಿ ಇನ್ನೂ ವಿಶೇಷ. ಅಲ್ಲಿ ಹೆಸರು ಜಮೀನಿಗೆ ಅಂಟಿಕೊಂಡಿತ್ತು. ಗಂಡು ಮಕ್ಕಳಿಲ್ಲದ ಮನೆಗೆ ಅಳಿಯನಾಗಿ ಬಂದವನು ಹೆಂಡತಿಯ ಜಮೀನಿನ ಹೆಸರನ್ನೇ ಹೊರುತ್ತಿದ್ದ. ಮಕ್ಕಳಿಗೂ ಅದೇ ಹೆಸರು. ಅವಳು ತೀರಿಕೊಂಡು ಅವನು ಮತ್ತೆ ಮದುವೆಯಾದರೂ ಜಮೀನಿನಲ್ಲೇ ಇದ್ದರೆ ಹೆಸರು ಹಾಗೇ ಉಳಿಯುತ್ತಿತ್ತು. ಆಗ ಮುಂದಿನ ಮಕ್ಕಳಿಗೆ ಆ ಹಳೆಯ ಮನೆತನದ ರಕ್ತಸಂಬಂಧವೇ ಇಲ್ಲ, ಹೆಸರು ಮಾತ್ರ ಅವರದು. ಪಾದ್ರಿ ಎರಡು ಹೆಸರುಗಳ ನಡುವೆ ‘ಗೆನಾಂಟ್’, ಅಂದರೆ ‘ಎಂದು ಕರೆಯಲ್ಪಡುವ’, ಎಂದು ಬರೆದಿದ್ದರೆ ಪುಣ್ಯ. ಬರೆಯದಿದ್ದರೆ ಆ ಹೆಸರಿನಲ್ಲಿ ಹುಟ್ಟಿಯೇ ಇಲ್ಲದವನ ದೀಕ್ಷಾಸ್ನಾನ ಹುಡುಕುತ್ತಾ ಕೂರಬೇಕು.

ನನಗೆ ಜಾಸ್ತಿ ನೋವಾಗುವುದು ಹೆಂಗಸರ ವಿಷಯದಲ್ಲಿ. ‘ಅವನ ಹೆಂಡತಿ ಅನ್ನಾ’. ಎಷ್ಟೋ ಹಳೆಯ ನಮೂದುಗಳಲ್ಲಿ ಇಷ್ಟೇ. ತವರಿನ ಹೆಸರಿಲ್ಲ. ಹತ್ತು ಮಕ್ಕಳನ್ನು ಹೆತ್ತವಳಾದರೂ ಅವಳ ಹಿಂದಿನ ದಾರಿ ಪೂರ್ತಿ ಮುಚ್ಚಿಹೋಗಿರುತ್ತದೆ.

ಇಂಥ ಕಡೆ ದೊಡ್ಡ ಅಪಾಯ ಆತುರ. ಪಕ್ಕದ ಊರಿನ ದೀಕ್ಷಾಸ್ನಾನದ ಪುಸ್ತಕದಲ್ಲಿ ಅದೇ ಹೆಸರಿನ, ಹೆಚ್ಚುಕಡಿಮೆ ಅದೇ ವಯಸ್ಸಿನ ಒಬ್ಬ ಹಾನ್ಸ್ ಮುಲ್ಲರ್ ಸಿಕ್ಕರೆ ಸಾಕು, ತಂದು ಜೋಡಿಸಿಬಿಡುತ್ತಾರೆ. ಮೊದಲು ಆ ಊರಿನ ಮರಣ ಪುಸ್ತಕ ನೋಡಬೇಕು. ಆ ಮಗು ಎಳೆಯದರಲ್ಲೇ ತೀರಿಕೊಂಡಿರಬಹುದು. ಸತ್ತ ಮಗುವಿನ ಹೆಸರನ್ನೇ ಆಮೇಲೆ ಹುಟ್ಟಿದ ಮಗುವಿಗೆ ಇಡುವುದು ಆಗ ಸಾಮಾನ್ಯವಾಗಿತ್ತು. ಸುಮ್ನೆ ಊಹಿಸಿ ಬರೆದ ಒಂದು ಅಪ್ಪನ ಹೆಸರು ಅವನ ಹಿಂದಿನ ಎಲ್ಲ ತಲೆಮಾರುಗಳನ್ನೂ ಕೆಡಿಸುತ್ತದೆ. ಅದಕ್ಕಿಂತ ಆ ಜಾಗ ಖಾಲಿ ಬಿಡುವುದೇ ಮೇಲು ಅಲ್ವಾ?

ದಾರಿ ಮತ್ತೆ ತೆರೆದುಕೊಳ್ಳುವುದು ಬಹಳ ಸಲ ಅಕ್ಕಪಕ್ಕದವರಿಂದ. ದೀಕ್ಷಾಸ್ನಾನಕ್ಕೆ ನಿಂತ ಧರ್ಮತಂದೆ, ಧರ್ಮತಾಯಿ ಯಾರು ಎಂದು ನೋಡಬೇಕು. ಅವರು ಸಾಮಾನ್ಯವಾಗಿ ನೆಂಟರು ಅಥವಾ ಆಪ್ತರು. ದೂರದ ಊರಿಂದ ಬಂದು ನಿಂತಿದ್ದರೆ ಆ ಊರಿನಲ್ಲಿ ಬೇರು ಇರಬಹುದು. ಕುಶಲಕರ್ಮಿಗಳ ಸಂಘ ಸೇರಬೇಕಾದರೆ ತಾನು ಧರ್ಮಪತ್ನಿಯ ಮಗನೇ ಎಂದು ತೋರಿಸುವ ಜನನಪತ್ರ ಬೇಕಾಗುತ್ತಿತ್ತು. ಅದು ಉಳಿದಿದ್ದರೆ ಹೆತ್ತವರ ಹೆಸರೇ ಸಿಗುತ್ತದೆ. ವ್ಯುರ್ಟೆಂಬರ್ಗ್‌ನಲ್ಲಂತೂ ಮದುವೆಯಾದಾಗ, ಯಾರಾದರೂ ತೀರಿಕೊಂಡಾಗ ಮನೆಯ ಆಸ್ತಿಯನ್ನೆಲ್ಲ ಪಟ್ಟಿ ಮಾಡುತ್ತಿದ್ದರು. ಹೊಲ, ಹಾಸಿಗೆ, ಪಾತ್ರೆ, ಬಟ್ಟೆ, ಸಾಲ ಎಲ್ಲ ಅದರಲ್ಲಿರುತ್ತದೆ. ಪಾಲಿಗೆ ಬರುವ ಮಕ್ಕಳ ಹೆಸರೂ ಇರುತ್ತದೆ. ಊರು ಬಿಟ್ಟು ಹೋದ ಮಗನಿಗೂ ಪಾಲುಂಟು. ಹಾಗಾಗಿ ಅವನು ಈಗ ಎಲ್ಲಿದ್ದಾನೆ ಎಂದು ಬರೆದಿರುವುದೂ ಉಂಟು. ಅವನು ಹೋಗಿ ನೆಲೆಸಿದ ಊರಿನಲ್ಲಿ ಅಪ್ಪನ ಹೆಸರೇ ಗೊತ್ತಿಲ್ಲದ ಟೋಟರ್ ಪುಂಕ್ಟ್ ಅವನೇ ಆಗಿರುತ್ತಾನೆ.