ಮಷೀನ್ ಲರ್ನಿಂಗ್‌ ಕೆಲಸಕ್ಕೆ ‘ಪೇಪರ್ ಇದ್ಯಾ?’ ಅಂತ ಕೇಳಲು ಶುರು ಮಾಡಿದ್ದು ಯಾವಾಗ, ಯಾಕೆ?

ಇಂಜಿನಿಯರಿಂಗ್ ಐದನೇ ಸೆಮಿಸ್ಟರ್ ಮುಟ್ಟುವಷ್ಟರಲ್ಲಿ ಮಕ್ಕಳಿಗೆ ಒಂದು ಚಿಂತೆ ಹತ್ತಿಕೊಂಡಿರುತ್ತದೆ. ಎಂಎಲ್, ಅಂದರೆ ಮಷೀನ್ ಲರ್ನಿಂಗ್ ಕಡೆ ಹೋಗಬೇಕು ಅಂದರೆ ಪೇಪರ್, ಅಂದರೆ ಪ್ರಕಟವಾದ ಸಂಶೋಧನಾ ಲೇಖನ, ಬೇಕೇ ಬೇಕಾ? ಒಬ್ಬ ಸೀನಿಯರ್ ಬೇಕು ಅನ್ನುತ್ತಾನೆ. ಇನ್ನೊಬ್ಬಳು ಕೋಡ್ ಹಾಕಿಡುವ ಗಿಟ್‌ಹಬ್‌ ವೆಬ್‌ಸೈಟಿನಲ್ಲಿ ಒಳ್ಳೆ ಪ್ರಾಜೆಕ್ಟ್ ಇದ್ದರೆ ಸಾಕು ಅನ್ನುತ್ತಾಳೆ. ಪಿಎಚ್‌ಡಿ ಇಲ್ಲದಿದ್ದರೆ ರೆಸ್ಯೂಮೆ ತೆಗೆದೂ ನೋಡಲ್ಲ ಅನ್ನುವವರು ಮೂರನೆಯವರು. ಮೂವರೂ ಸುಳ್ಳು ಹೇಳುತ್ತಿಲ್ಲ. ಅವರವರು ಕೆಲಸಕ್ಕೆ ಸೇರಿದ ವರ್ಷ ಬೇರೆ, ಸೇರಿದ ಜಾಗ ಬೇರೆ, ಅಷ್ಟೆ.

ಇದರ ಪಕ್ಕದಲ್ಲೇ ಇನ್ನೊಂದು ಗಲಾಟೆ ನಡೆಯುತ್ತಿದೆ. ದೊಡ್ಡ ಎಐ ಸಮ್ಮೇಳನಗಳಿಗೆ ಬರುವ ಪೇಪರ್‌ಗಳನ್ನು ಓದಿ, ರಿವ್ಯೂ ಬರೆದು, ಪಾಸೋ ಫೇಲೋ ಹೇಳಲು ಜನ ಸಾಲುತ್ತಿಲ್ಲ, ಓದುವವರಲ್ಲಿ ಕೆಲವರು ಚಾಟ್‌ಬಾಟ್‌ ಕೈಲಿ ರಿವ್ಯೂ ಬರೆಸುತ್ತಿದ್ದಾರೆ, ಒಳ್ಳೆ ಪೇಪರ್ ಬಿದ್ದುಹೋಗುತ್ತಿದೆ, ಸಾಧಾರಣದ್ದು ಪಾಸಾಗುತ್ತಿದೆ ಅಂತ. ಕೆಲಸದ ಚಿಂತೆ ಒಂದು, ಈ ಗಲಾಟೆ ಇನ್ನೊಂದು ಅಂತ ಎಲ್ಲರೂ ಬೇರೆ ಬೇರೆ ಚರ್ಚೆ ಮಾಡುತ್ತಾರೆ. ನನ್ನ ಲೆಕ್ಕದಲ್ಲಿ ಎರಡೂ ಒಂದೇ.

ಮೊದಲಿನ ಕಥೆ ಚಿಕ್ಕದು. 1987ರಲ್ಲಿ ಅಮೆರಿಕದ ಡೆನ್ವರ್‌ನಲ್ಲಿ ನಿಪ್ಸ್ ಅನ್ನುವ ಸಮ್ಮೇಳನ ಶುರುವಾಯಿತು, ಅದನ್ನೇ 2018ರಿಂದ ನ್ಯೂರಿಪ್ಸ್ ಅಂತ ಕರೆಯುತ್ತಾರೆ. ಸುಮಾರು 25 ವರ್ಷ ಅದು ನ್ಯೂರಲ್ ನೆಟ್‌ವರ್ಕ್ (ಮೆದುಳಿನ ನರಜಾಲದ ಮಾದರಿಯಲ್ಲಿ ಕಟ್ಟಿದ, ಉದಾಹರಣೆ ನೋಡಿ ಕಲಿಯುವ ಪ್ರೋಗ್ರಾಂ) ನಂಬುವವರು, ನಂಬದವರು, ಸ್ಟಾಟಿಸ್ಟಿಕ್ಸ್‌ನವರು, ಮೆದುಳಿನ ಬಗ್ಗೆ ಕೆಲಸ ಮಾಡುವವರು ವರ್ಷಕ್ಕೊಮ್ಮೆ ಸೇರಿ ಮಾತಾಡಿ, ಹತ್ತಿರದ ಬೆಟ್ಟದಲ್ಲಿ ಸ್ಕೀಯಿಂಗ್ ಮಾಡಿ ಊರಿಗೆ ಹೋಗುವ ಜಾಗವಾಗಿತ್ತು. ಜರ್ನಲ್‌ನಲ್ಲಿ ಒಂದು ಲೇಖನ ಹೊರಬರಲು ತುಂಬಾ ಕಾಲ ಹಿಡಿಯುತ್ತಿದ್ದರಿಂದ ಕಂಪ್ಯೂಟರ್ ಸೈನ್ಸ್‌ನವರು ಮೊದಲಿಂದಲೂ ಸಮ್ಮೇಳನವನ್ನೇ ನೆಚ್ಚಿಕೊಂಡವರು. ಅದು ಆಗ ಯಾರಿಗೂ ತೊಂದರೆಯಾಗಲಿಲ್ಲ, ಜನ ಕಡಿಮೆ ಇದ್ದರಲ್ಲ.

2012ರಲ್ಲಿ ಟೊರಾಂಟೊದ ಮೂವರು, ಅಲೆಕ್ಸ್ ಕ್ರಿಜೆವ್‌ಸ್ಕಿ, ಇಲ್ಯಾ ಸುತ್‌ಸ್ಕೇವರ್, ಜೆಫ್ರಿ ಹಿಂಟನ್, ಗೇಮ್ ಆಡಲು ಬಳಸುವ ಎರಡು ಗ್ರಾಫಿಕ್ಸ್ ಕಾರ್ಡ್ ಹಾಕಿ, ನ್ಯೂರಲ್ ನೆಟ್‌ವರ್ಕ್‌ನಿಂದಲೇ ಇಮೇಜ್‌ನೆಟ್ ಸ್ಪರ್ಧೆ (ಫೋಟೊದಲ್ಲಿ ಏನಿದೆ ಅಂತ ಕಂಪ್ಯೂಟರ್ ಗುರುತಿಸುವ ಸ್ಪರ್ಧೆ) ಗೆದ್ದರು. ಎರಡನೇ ಜಾಗ ಬಂದವರ ತಪ್ಪಿನ ಪ್ರಮಾಣ ಶೇ 26.2, ಇವರದು 15.3. ಮರುವರ್ಷ ನಿಪ್ಸ್‌ಗೆ ಫೇಸ್‌ಬುಕ್‌ನ ಮಾರ್ಕ್ ಜುಕರ್‌ಬರ್ಗ್ ಖುದ್ದು ಬಂದರು, ನ್ಯೂರಲ್ ನೆಟ್‌ವರ್ಕ್ ಸಂಶೋಧಕ ಯಾನ್ ಲೆಕುನ್ ಅವರ ಕೈಗೆ ಫೇಸ್‌ಬುಕ್‌ನ ಹೊಸ ಲ್ಯಾಬ್ ಕೊಡುವ ಸುದ್ದಿ ಹೊರಬಿತ್ತು. ಅಲ್ಲಿಂದ ಆ ಸಭೆ ಬರೀ ಸಭೆಯಾಗಿ ಉಳಿಯಲಿಲ್ಲ.

ಆಗ ಕಂಪನಿಗಳಿಗೆ ಒಂದು ನಿಜವಾದ ಕಷ್ಟ ಇತ್ತು. ಡೀಪ್ ಲರ್ನಿಂಗ್, ಅಂದರೆ ಹಲವು ಪದರದ ನ್ಯೂರಲ್ ನೆಟ್‌ವರ್ಕ್ ವಿದ್ಯೆ, ಬಲ್ಲವರು ಯಾರು ಅಂತ ಪತ್ತೆ ಮಾಡೋದು ಹೇಗೆ? ಅದಕ್ಕೆ ಅಂತ ಡಿಗ್ರಿ ಇರಲಿಲ್ಲ, ಸರ್ಟಿಫಿಕೇಟ್ ಇರಲಿಲ್ಲ, ಹಳೆ ಅನುಭವ ಇದ್ದವರಂತೂ ಬೆರಳೆಣಿಕೆಯಷ್ಟು. ಇದ್ದದ್ದು ಒಂದೇ ಗುರುತು: ನಿಪ್ಸ್, ಐಸಿಎಂಎಲ್, ಆಮೇಲೆ 2013ರಲ್ಲಿ ಶುರುವಾದ ಐಸಿಎಲ್‌ಆರ್, ಈ ಮೂರು ಸಮ್ಮೇಳನಗಳಲ್ಲಿ ಪೇಪರ್ ಮೇಲೆ ಹೆಸರು ಬಂದಿದೆಯಾ ಇಲ್ಲವಾ. ಅದನ್ನೇ ನೋಡಿ ಕೆಲಸ ಕೊಟ್ಟರು. ಆ ಹೊತ್ತಿಗೆ ಅದು ತೀರಾ ಸರಿಯಾದ ದಾರಿಯೇ. ಕೆಲವೇ ಜನ, ಕೆಲವೇ ಪೇಪರ್, ಓದಿದವರು ಮನಸ್ಸಿಟ್ಟು ಓದಿರುತ್ತಿದ್ದರು.

ಹಾಗೆ ಮನಸ್ಸಿಟ್ಟು ಓದಿದರೂ ಎಷ್ಟು ಸರಿಯಾಗಿ ಆರಿಸುತ್ತಾರೆ? ಇದನ್ನು 2014ರಲ್ಲೇ ಪರೀಕ್ಷೆ ಮಾಡಿ ನೋಡಿದ್ದಾರೆ. ಈ ಪ್ರಯೋಗದ ಹೆಸರು ಎಲ್ಲರೂ ಹೇಳುತ್ತಾರೆ, ಒಳಗೆ ಏನಿತ್ತು ಅಂತ ನೋಡಿದವರು ಕಡಿಮೆ. ಆ ವರ್ಷ ನಿಪ್ಸ್‌ಗೆ ಬಂದದ್ದು 1678 ಪೇಪರ್. ಕಾರ್ಯಕ್ರಮ ಸಮಿತಿಯ ಮುಖ್ಯಸ್ಥರಾಗಿದ್ದ ಕೊರಿನ್ನಾ ಕೊರ್ಟೆಸ್ ಮತ್ತು ನೀಲ್ ಲಾರೆನ್ಸ್ ರಿವ್ಯೂ ಮಾಡುವವರನ್ನು ಎರಡು ಗುಂಪು ಮಾಡಿ, ಹತ್ತರಲ್ಲಿ ಒಂದು ಪಾಲು ಪೇಪರ್‌ಗಳನ್ನು ಎರಡೂ ಗುಂಪಿಗೆ ಕೊಟ್ಟರು. ಒಬ್ಬರ ತೀರ್ಮಾನ ಇನ್ನೊಬ್ಬರಿಗೆ ಗೊತ್ತಿಲ್ಲ. ಕೊನೆಗೆ ಲೆಕ್ಕಕ್ಕೆ ಸಿಕ್ಕ 166 ಪೇಪರ್‌ಗಳಲ್ಲಿ 43ರ ಬಗ್ಗೆ ಎರಡು ಗುಂಪಿನ ತೀರ್ಪು ಬೇರೆ ಬೇರೆ ಬಂತು.

ಶೇ 26 ಅಂದರೆ ಪರವಾಗಿಲ್ಲ ಅನ್ನಿಸುತ್ತದೆ ಅಲ್ವಾ? ಅಲ್ಲೇ ಮೋಸ ಹೋಗೋದು. ಒಟ್ಟು ಪಾಸಾಗೋದೇ ಕಾಲುಭಾಗಕ್ಕಿಂತ ಕಡಿಮೆ. ಹಾಗಾಗಿ ಒಂದು ಗುಂಪು ಪಾಸು ಮಾಡಿದ ಪೇಪರ್‌ಗಳಲ್ಲಿ ಅರ್ಧಕ್ಕಿಂತ ಜಾಸ್ತಿ ಇನ್ನೊಂದು ಗುಂಪಿನ ಕೈಗೆ ಸಿಕ್ಕಿದ್ದರೆ ಬಿದ್ದುಹೋಗುತ್ತಿದ್ದವು. ನಮ್ಮ ಕಡೆ ರೀವ್ಯಾಲ್ಯುಯೇಷನ್‌ಗೆ ಹಾಕಿದಾಗ ಫೇಲ್ ಆದವನಿಗೆ ಡಿಸ್ಟಿಂಕ್ಷನ್ ಬಂದರೆ ದಿನಪತ್ರಿಕೆಯಲ್ಲಿ ಸುದ್ದಿಯಾಗುತ್ತದೆ. ಇಲ್ಲಿ ಅದು ದಿನನಿತ್ಯದ ವಿಷಯ. ಕೊರ್ಟೆಸ್, ಲಾರೆನ್ಸ್ ಇಬ್ಬರೇ 2021ರಲ್ಲಿ ಹಳೆ ಅಂಕಿಗಳನ್ನು ಮತ್ತೆ ತೆಗೆದು ನೋಡಿದರು. ಪಾಸಾದ ಪೇಪರ್‌ಗಳಿಗೆ ಅಂದು ಸಿಕ್ಕ ಅಂಕಕ್ಕೂ ಆಮೇಲೆ ಬಂದ ಸೈಟೇಷನ್‌ಗಳಿಗೂ (ಬೇರೆ ಪೇಪರ್‌ಗಳು ಅದನ್ನು ಎಷ್ಟು ಸಲ ಉಲ್ಲೇಖಿಸಿವೆ ಅನ್ನುವ ಲೆಕ್ಕಕ್ಕೂ) ಸಂಬಂಧವೇ ಇರಲಿಲ್ಲ. ರಿವ್ಯೂ ಪದ್ಧತಿ ಕೆಟ್ಟದ್ದನ್ನು ಚೆನ್ನಾಗಿ ಗುರುತಿಸುತ್ತದೆ, ಒಳ್ಳೆಯದನ್ನು ಗುರುತಿಸೋದರಲ್ಲಿ ಸೋಲುತ್ತದೆ ಅನ್ನೋದು ಅವರ ತೀರ್ಮಾನ. 2021ರಲ್ಲಿ ನ್ಯೂರಿಪ್ಸ್ ಇದೇ ಪ್ರಯೋಗ ಮತ್ತೆ ಮಾಡಿದಾಗಲೂ ಫಲಿತಾಂಶ ಹೆಚ್ಚುಕಡಿಮೆ ಅದೇ. ಉದಾಹರಣೆಗೂ ಕೊರತೆಯಿಲ್ಲ. ದೊಡ್ಡ ಮಾಡೆಲ್‌ನ ತಿಳಿವನ್ನು ಚಿಕ್ಕ ಮಾಡೆಲ್‌ಗೆ ಇಳಿಸುವ ಡಿಸ್ಟಿಲೇಷನ್ ಇವತ್ತು ಎಲ್ಲರೂ ಬಳಸುವ ವಿದ್ಯೆ. ಹಿಂಟನ್, ವಿನ್ಯಾಲ್ಸ್, ಜೆಫ್ ಡೀನ್ ಬರೆದ ಆ ಪೇಪರ್ 2014ರ ನಿಪ್ಸ್‌ನಲ್ಲಿ ತಿರಸ್ಕೃತವಾಗಿತ್ತು.

ಅಂದರೆ ಸುಮಾರಾದ ಒಂದು ಜರಡಿ ಇದೆ ಅಂತ ಎಲ್ಲರಿಗೂ ಗೊತ್ತಾದ ಹೊತ್ತಿಗೆ, ಅದೇ ಜರಡಿಯ ಮೇಲೆ ಜನರ ಕೆಲಸ, ಸೀಟು, ವೀಸಾ ಎಲ್ಲಾ ನಿಲ್ಲತೊಡಗಿತ್ತು. ಈ ಸಮ್ಮೇಳನಕ್ಕೆ ಬಂದ ಪೇಪರ್ 2017ರಲ್ಲಿ 3240, 2018ರಲ್ಲಿ 4856, 2019ರಲ್ಲಿ 6743, 2020ರಲ್ಲಿ 9467. 2018ರಲ್ಲಿ ಸಮ್ಮೇಳನದ ಟಿಕೆಟ್ 12 ನಿಮಿಷದೊಳಗೆ ಖಾಲಿಯಾಯಿತು. ಅದೇ ಹೊತ್ತಿಗೆ ಆಫ್ರಿಕಾದ ಎಷ್ಟೋ ಸಂಶೋಧಕರಿಗೆ, ಆ ವರ್ಷದ ಸಮ್ಮೇಳನ ನಡೆದ ಕೆನಡಾದ ವೀಸಾ ಸಿಗದೆ ತಮ್ಮದೇ ಪೇಪರ್ ತೋರಿಸಲು ಹೋಗಲಾಗಲಿಲ್ಲ. ಅದು ಬೇರೆಯೇ ಒಂದು ದೊಡ್ಡ ಕಥೆ.

ಬೆಂಗಳೂರು ಈ ಕಥೆಯೊಳಗೆ ಬರೋದು ಇಲ್ಲೇ. ಮೈಕ್ರೋಸಾಫ್ಟ್ ರಿಸರ್ಚ್ 2005ರಿಂದ ಇಲ್ಲಿದೆ, ಗೂಗಲ್ 2019ರಲ್ಲಿ ಎಐ ರಿಸರ್ಚ್ ಲ್ಯಾಬ್ ತೆರೆಯಿತು, ಐಐಎಸ್‌ಸಿ ಅಂತೂ ಇದ್ದೇ ಇದೆ. ಬಿಇ ಮುಗಿಸಿದವರನ್ನು ಒಂದೆರಡು ವರ್ಷಕ್ಕೆ ರಿಸರ್ಚ್ ಫೆಲೋ, ಪ್ರಿ-ಡಾಕ್ಟರಲ್ ಅಂತ ತೆಗೆದುಕೊಳ್ಳುವ ಹುದ್ದೆಗಳು ಬಂದವು. ಆ ಒಂದೆರಡು ವರ್ಷದಲ್ಲಿ ಪೇಪರ್ ಮಾಡು, ಆಮೇಲೆ ಅಮೆರಿಕದಲ್ಲಿ ಪಿಎಚ್‌ಡಿಗೆ ಹಾಕು. ಒಳ್ಳೆ ಏರ್ಪಾಡು, ಎಷ್ಟೋ ಜನಕ್ಕೆ ದಾರಿ ಮಾಡಿಕೊಟ್ಟಿದೆ. ಆದರೆ ಪಿಎಚ್‌ಡಿ ಅಂದರೆ ಸಂಶೋಧನೆ ಮಾಡಲು ಕಲಿಯುವ ಜಾಗ ಅನ್ನೋದು ಸುಮ್ನೆ ಮಾತಾಯಿತು, ಒಳಗೆ ಹೋಗುವ ಮೊದಲೇ ಕಲಿತಿರಬೇಕು. ಆ ಫೆಲೋ ಹುದ್ದೆಗೂ ಈಗ ಪೇಪರ್ ಇದ್ದವರೇ ಅರ್ಜಿ ಹಾಕುತ್ತಾರೆ. ಸಂಶೋಧನೆ ಮಾಡುವ ಒಬ್ಬ ಮೇಷ್ಟ್ರೂ ಇಲ್ಲದ ಜಿಲ್ಲಾ ಕೇಂದ್ರದ ಕಾಲೇಜಿನ ಹುಡುಗಿ ಎಲ್ಲಿಂದ ತರಬೇಕು ಪೇಪರ್?

ಒಂದು ಪೇಪರ್ ಹೇಗೆ ಸುತ್ತುತ್ತದೆ ಅಂತ ಹತ್ತಿರದಿಂದ ನೋಡಿದರೆ ಉಳಿದದ್ದು ತಾನಾಗಿ ಅರ್ಥವಾಗುತ್ತದೆ. ಸಮ್ಮೇಳನಗಳ ಗಡುವು ಭೂಮಿಯ ಮೇಲೆ ಕೊನೆಗೆ ದಿನ ಮುಗಿಯುವ ಜಾಗದ ಗಡಿಯಾರದ ಪ್ರಕಾರ. ನಮಗದು ಮರುದಿನ ಸಂಜೆ 5.29. ಹಾಗಾಗಿ ಬೆಂಗಳೂರಿನ ಲ್ಯಾಬ್‌ಗಳಲ್ಲಿ ಗಡುವಿನ ದಿನ ಅಂದರೆ ರಾತ್ರಿಯಿಡೀ ನಿದ್ದೆಗೆಟ್ಟು, ಮಧ್ಯಾಹ್ನದ ಊಟ ಬಿಟ್ಟು, ಓವರ್‌ಲೀಫ್ ಅನ್ನುವ ಪೇಪರ್ ಬರೆಯುವ ವೆಬ್‌ಸೈಟಿನಲ್ಲಿ ನಾಲ್ಕು ಜನ ಒಟ್ಟಿಗೆ ಕೂತು, ಹತ್ತನೇ ಪುಟಕ್ಕೆ ಇಳಿದ ಎರಡು ಸಾಲನ್ನು ಒಂಬತ್ತು ಪುಟದ ಮಿತಿಯೊಳಗೆ ಎಳೆದು ತರಲು ಚಿತ್ರದ ಕೆಳಗಿನ ಜಾಗವನ್ನು ಮಿಲಿಮೀಟರ್ ಲೆಕ್ಕದಲ್ಲಿ ಕತ್ತರಿಸುವ ದಿನ. ಮೇ ತಿಂಗಳಲ್ಲಿ ನ್ಯೂರಿಪ್ಸ್‌ಗೆ ಹೋಯಿತು ಅಂದುಕೊಳ್ಳಿ. ಜುಲೈ ಕೊನೆಗೆ ರಿವ್ಯೂ ಬರುತ್ತದೆ. ಒಬ್ಬರು ಹೊಸತನ ಕಡಿಮೆ ಅಂತ ಒಂದೇ ಸಾಲು ಬರೆದಿರುತ್ತಾರೆ, ಇನ್ನೊಬ್ಬರು ಇನ್ನೆರಡು ಡೇಟಾಸೆಟ್ ಮೇಲೆ ಓಡಿಸಿ ತೋರಿಸಿ ಅಂದಿರುತ್ತಾರೆ. ಒಂದೇ ವಾರದಲ್ಲಿ, ಜಿಪಿಯು (ಮಾಡೆಲ್ ಓಡಿಸುವ ಗ್ರಾಫಿಕ್ಸ್ ಕಾರ್ಡ್) ಖಾಲಿ ಇದ್ದರೆ! ಸೆಪ್ಟೆಂಬರ್‌ನಲ್ಲಿ ಬಿದ್ದುಹೋದರೆ ಕೆಲವೇ ದಿನಕ್ಕೆ ಐಸಿಎಲ್‌ಆರ್ ಗಡುವು. ಅಲ್ಲೂ ಬಿದ್ದರೆ ಜನವರಿಯಲ್ಲಿ ಐಸಿಎಂಎಲ್. ಅಲ್ಲೂ ಆಗದಿದ್ದರೆ ಮೇ ತಿಂಗಳು ಮತ್ತೆ ಬಂದೇ ಬರುತ್ತದಲ್ಲ. ಪ್ರತಿ ಸುತ್ತಿಗೂ ಹೊಸ ಮೂರು ನಾಲ್ಕು ಜನ ಅದನ್ನು ಪುಕ್ಕಟೆ ಓದಬೇಕು. ತೀರ್ಪು ಅರ್ಧ ಅದೃಷ್ಟ ಅಂತ ಗೊತ್ತಿದ್ದ ಮೇಲೆ ಮತ್ತೆ ಮತ್ತೆ ಹಾಕೋದೇ ಜಾಣತನ. ಯಾರನ್ನು ಬೈಯೋಣ?

ಹೀಗೆ ಸುತ್ತುವ ರಾಶಿ ಬೆಳೆದು ಓದುವವರು ಸಾಲದಾದಾಗ, ಪೇಪರ್ ಹಾಕಿದವರೇ ರಿವ್ಯೂ ಮಾಡಬೇಕು ಅನ್ನುವ ನಿಯಮ ಬಂತು. ನಿನ್ನೆ ಮೊನ್ನೆ ಮೊದಲ ಪೇಪರ್ ಬರೆದವನೂ ಇನ್ನೊಬ್ಬರ ಭವಿಷ್ಯ ತೀರ್ಮಾನಿಸುವ ಜಾಗಕ್ಕೆ ಬಂದ. 2025ರಲ್ಲಿ ಕಂಪ್ಯೂಟರ್ ವಿಷನ್ ಸಮ್ಮೇಳನ ಸಿವಿಪಿಆರ್ ಒಬ್ಬ ಲೇಖಕ 25 ಪೇಪರ್‌ಗಿಂತ ಹೆಚ್ಚು ಕಳಿಸುವಂತಿಲ್ಲ ಅಂತ ಮಿತಿ ಹಾಕಿತು. ಮಿತಿಯೇ ಇಪ್ಪತ್ತೈದು! ಬೇಜವಾಬ್ದಾರಿಯಿಂದ ರಿವ್ಯೂ ಮಾಡಿದವರ 19 ಪೇಪರ್‌ಗಳನ್ನು ಅದೇ ಕಾರಣಕ್ಕೆ ಹೊರಗೂ ಹಾಕಿತು. 2024ರಲ್ಲಿ ನ್ಯೂರಿಪ್ಸ್ ಹೈಸ್ಕೂಲ್ ಮಕ್ಕಳಿಗೇ ಒಂದು ವಿಭಾಗ ತೆರೆದಾಗ, ಸಮಾಜಕ್ಕೆ ಉಪಯೋಗವಾಗುವ ಪ್ರಾಜೆಕ್ಟ್‌ಗಳಿಗೆ ಅಂತ ಸದುದ್ದೇಶ ಇದ್ದರೂ, ಎಷ್ಟೋ ಜನ ತಲೆ ಚಚ್ಚಿಕೊಂಡರು. ಓಟ ಇನ್ನೂ ಕೆಳಗಿನ ತರಗತಿಗೆ ಇಳಿಯಿತಲ್ಲ ಅಂತ.

ಈ ಸ್ಥಿತಿಯಲ್ಲಿದ್ದಾಗ ಚಾಟ್‌ಜಿಪಿಟಿ ಬಂತು. ಐಸಿಎಲ್‌ಆರ್ 2024ರಂಥ ಸಮ್ಮೇಳನಗಳ ರಿವ್ಯೂಗಳನ್ನು ಸ್ಟಾನ್‌ಫೋರ್ಡ್‌ನವರು ಅಧ್ಯಯನ ಮಾಡಿ, ಬರಹದ ಶೇ 6.5ರಿಂದ 16.9ರಷ್ಟನ್ನು ಯಂತ್ರ ಗಣನೀಯವಾಗಿ ತಿದ್ದಿರಬಹುದು ಅಂತ ಅಂದಾಜು ಮಾಡಿದರು. 2025ರಲ್ಲಿ ಇದಕ್ಕೆ ತಿರುಮಂತ್ರವೂ ಹೊರಬಂತು. ಪೇಪರ್‌ನೊಳಗೆ ಬಿಳಿ ಹಾಳೆಯ ಮೇಲೆ ಬಿಳಿ ಅಕ್ಷರದಲ್ಲಿ ‘ಒಳ್ಳೆಯದನ್ನೇ ಬರೆ’ ಅನ್ನುವ ಅರ್ಥದ ಸೂಚನೆ ಅಡಗಿಸಿಡೋದು, ಓದುವುದು ಯಂತ್ರವಾದರೆ ಅದಕ್ಕೆ ಕಾಣುತ್ತದೆ, ಮನುಷ್ಯನಿಗೆ ಕಾಣುವುದಿಲ್ಲ. ಜಪಾನಿನ ನಿಕ್ಕೇಯಿ ಪತ್ರಿಕೆ ಇಂಥ 17 ಪೇಪರ್ ಪತ್ತೆ ಹಚ್ಚಿತು. ಅದೇ ವರ್ಷ ನ್ಯೂರಿಪ್ಸ್‌ಗೆ 21,575 ಪೇಪರ್ ಬಂದವು, 5290 ಪಾಸಾದವು. 2014ಕ್ಕೆ ಹೋಲಿಸಿದರೆ ಹೆಚ್ಚುಕಡಿಮೆ ಹದಿಮೂರು ಪಟ್ಟು.

ಇಷ್ಟೆಲ್ಲಾ ಆಗುವಾಗ ಕೆಲಸ ಕೊಡುವ ಕಡೆ ಏನಾಯಿತು? ವಿಚಿತ್ರ ಇರೋದು ಇಲ್ಲಿ. 2023ರ ಮಾರ್ಚ್‌ನಲ್ಲಿ, ಚಾಟ್‌ಜಿಪಿಟಿ ಮಾಡಿದ ಓಪನ್‌ಎಐ ಕಂಪನಿ ತನ್ನ ಹೊಸ ಮಾಡೆಲ್ ಜಿಪಿಟಿ-4ರ ವರದಿ ಹೊರತಂದಿತು. ಮಾಡೆಲ್ ಎಷ್ಟು ದೊಡ್ಡದು, ಯಾವ ಡೇಟಾ, ಯಾವ ಹಾರ್ಡ್‌ವೇರ್, ಏನನ್ನೂ ಹೇಳುವುದಿಲ್ಲ ಅಂತ ಅದರಲ್ಲೇ ಬರೆದಿದ್ದರು. ಅಲ್ಲಿಂದೀಚೆಗೆ ಮುಂಚೂಣಿಯ ಲ್ಯಾಬ್‌ಗಳು ಹೊರಗೆ ಹೇಳೋದು ಕಡಿಮೆಯಾಗಿದೆ. ಒಳಗೆ ಹೋಗಲು ಪೇಪರ್ ಬೇಕು, ಒಳಗೆ ಹೋದ ಮೇಲೆ ಪೇಪರ್ ಬರೆಯುವಂತಿಲ್ಲ. ಕಂಪನಿಗಳು ತಾವೇ ಮಾಡಬೇಕಾದ ಆಯ್ಕೆಯ ಕೆಲಸವನ್ನು ಸಂಬಳವಿಲ್ಲದ ರಿವ್ಯೂವರ್‌ಗಳ ತಲೆಗೆ ಕಟ್ಟಿ ಹತ್ತು ವರ್ಷ ದಾಟಿತು. ಹಾಗಂತ ಯಾರೂ ಕೂತು ತೀರ್ಮಾನ ಮಾಡಿದ್ದಲ್ಲ.

ಪೇಪರ್, ಡಿಗ್ರಿ ಎರಡೂ ಬೇಡ ಅನ್ನುವವರು ಬಿಎ, ಬಿಎಸ್‌ಸಿ ಮಟ್ಟದ ಓದಿನಲ್ಲೇ ಜಿಪಿಟಿ ಮಾಡಿದ ಆಲೆಕ್ ರ‍್ಯಾಡ್‌ಫೋರ್ಡ್, ಡಿಗ್ರಿಯೇ ಇಲ್ಲದ ಎಐ ಸಂಶೋಧಕ ಕ್ರಿಸ್ ಓಲಾ ಹೆಸರು ಹೇಳುತ್ತಾರೆ. ನಿಜವೇ. ಆದರೆ ಅವರಿಬ್ಬರೂ ಒಳಗೆ ಹೋದ ಕಾಲದಲ್ಲಿ ಸಾಲು ಇಷ್ಟುದ್ದ ಇರಲಿಲ್ಲ.

ಇನ್ನು ನಮ್ಮಲ್ಲಿ ಇದರದ್ದೇ ಒಂದು ಅಗ್ಗದ ರೂಪ ಇದೆ. ಫೈನಲ್ ಇಯರ್ ಪ್ರಾಜೆಕ್ಟನ್ನೇ ಪೇಪರ್ ಮಾಡಿ, ದುಡ್ಡು ಕಟ್ಟಿದರೆ ವಾರದಲ್ಲಿ ಅಚ್ಚು ಹಾಕಿ ಸರ್ಟಿಫಿಕೇಟ್ ಕೊಡುವ ‘ಇಂಟರ್‌ನ್ಯಾಷನಲ್’ ಜರ್ನಲ್‌ಗಳಿಗೆ ಕಳಿಸೋದು. ಯುಜಿಸಿ 2022ರ ನಿಯಮದಲ್ಲಿ ಪಿಎಚ್‌ಡಿಗೇ ಪೇಪರ್ ಕಡ್ಡಾಯ ಅನ್ನೋದನ್ನು ತೆಗೆದುಹಾಕಿದೆ, ಬಿಇ ಮಕ್ಕಳು ಮಾತ್ರ ಇನ್ನೂ ದುಡ್ಡು ಕಟ್ಟುತ್ತಿದ್ದಾರೆ. ಬೆಂಗಳೂರಿನ ಹೆಚ್ಚಿನ ಎಂಎಲ್ ಇಂಜಿನಿಯರ್ ಕೆಲಸಗಳ ಇಂಟರ್‌ವ್ಯೂನಲ್ಲಿ ಪೇಪರ್ ಮಾತೇ ಬರುವುದಿಲ್ಲ. ಮಾಡೆಲ್ ಪ್ರೊಡಕ್ಷನ್‌ನಲ್ಲಿ ತಪ್ಪು ಉತ್ತರ ಕೊಟ್ಟರೆ ಹೇಗೆ ಕಂಡುಹಿಡಿಯುತ್ತೀರಿ, ಜಿಪಿಯು ಖರ್ಚು ಹೇಗೆ ಇಳಿಸುತ್ತೀರಿ, ಡೇಟಾ ಬದಲಾದರೆ ಏನು ಮಾಡುತ್ತೀರಿ, ಇಂಥವೇ ಕೇಳೋದು. ರಿಸರ್ಚ್ ಸೈಂಟಿಸ್ಟ್ ಹುದ್ದೆ ಮತ್ತು ಹೊರದೇಶದ ಪಿಎಚ್‌ಡಿ, ಈ ಎರಡಕ್ಕೇ ಪೇಪರ್ ಲೆಕ್ಕ. ಅಲ್ಲಿ ದುಡ್ಡು ಕಟ್ಟಿ ಹಾಕಿಸಿದ್ದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ, ರೆಸ್ಯೂಮೆಯಲ್ಲಿ ಅದು ಇಲ್ಲದಿರೋದೇ ಮೇಲು.

ಬೇರೆ ದಾರಿ ಯಾರೂ ಹುಡುಕಿಲ್ಲ ಅಂತಲ್ಲ. ಈ ಗಡುವಿನ ಓಟವನ್ನೇ ಬಿಡೋಣ ಅಂತ ಡೀಪ್ ಲರ್ನಿಂಗ್‌ನ ಹಿರಿಯ ಸಂಶೋಧಕ ಯೋಶುವಾ ಬೆಂಜಿಯೊ 2020ರಲ್ಲೇ ಬರೆದಿದ್ದರು. 2022ರಲ್ಲಿ ಟಿಎಂಎಲ್‌ಆರ್ ಅನ್ನುವ ಜರ್ನಲ್ ಶುರುವಾಯಿತು. ಅಲ್ಲಿ ಗಡುವು ಇಲ್ಲ, ಯಾವಾಗ ಬೇಕಾದರೂ ಕಳಿಸಬಹುದು. ಹೊಸತನ ಎಷ್ಟಿದೆ ಅಂತ ಅಳೆಯುವುದಿಲ್ಲ. ಹೇಳಿದ್ದಕ್ಕೆ ಆಧಾರ ಇದೆಯಾ, ಓದುವವರಲ್ಲಿ ಕೆಲವರಿಗಾದರೂ ಅದು ಉಪಯೋಗವಾ, ಎರಡೇ ಪ್ರಶ್ನೆ. ಅಲ್ಲಿ ರಿವ್ಯೂ ಪಡೆದವರನ್ನು ಕೇಳಿದರೆ ಮನುಷ್ಯರು ಓದಿ ಬರೆದ ಹಾಗಿತ್ತು ಅನ್ನುತ್ತಾರೆ. ಆದರೆ ರಿಸರ್ಚ್ ಹುದ್ದೆಗಳ ಜಾಹೀರಾತು ತೆಗೆದು ನೋಡಿ, ‘ನ್ಯೂರಿಪ್ಸ್, ಐಸಿಎಂಎಲ್, ಐಸಿಎಲ್‌ಆರ್‌ನಂಥ ಕಡೆ ಪೇಪರ್ ಇದ್ದವರಿಗೆ ಆದ್ಯತೆ’ ಅನ್ನೋ ಸಾಲು ಇನ್ನೂ ಹಾಗೇ ಇರುತ್ತದೆ. ಪೇಪರ್ ಎಲ್ಲಿಗೆ ಕಳಿಸಬೇಕು ಅಂತ ಇಪ್ಪತ್ತೊಂದು ವರ್ಷದ ಹುಡುಗಿ ತೀರ್ಮಾನ ಮಾಡೋದು ಆ ಸಾಲು ನೋಡಿಕೊಂಡೇ.