ಗದಗದ ಮಾಳಿಗೆಗೆ ಬಾಗಿ ಬರುವ ಅಲೆ

ಹುಬ್ಬಳ್ಳಿಯಿಂದ ಗದಗಕ್ಕೆ ನೇರ ಗೆರೆ ಎಳೆದರೆ ಸುಮಾರು 55 ಕಿ.ಮೀ. ಹುಬ್ಬಳ್ಳಿಯಲ್ಲಿ 100 ಮೀಟರ್ ಎತ್ತರದ ಎಫ್‌ಎಂ ಗೋಪುರವೊಂದಿದೆ, ಗದಗದ ಮನೆಯೊಂದರ ಮಾಳಿಗೆಯಲ್ಲಿ ನೆಲದಿಂದ 10 ಮೀಟರ್ ಎತ್ತರಕ್ಕೆ ಆಂಟೆನಾ ಇದೆ, ನಡುವಿನ ಎರೆಹೊಲಗಳೆಲ್ಲ ಸಮತಟ್ಟಾಗಿವೆ ಎಂದು ಇಟ್ಟುಕೊಳ್ಳೋಣ. ಭೂಮಿಯ ದುಂಡನ್ನಷ್ಟೇ ಲೆಕ್ಕಕ್ಕೆ ಹಿಡಿದರೆ ಇವೆರಡೂ ಒಂದಕ್ಕೊಂದು ಕಾಣುವುದು 47 ಕಿ.ಮೀ. ದೂರದವರೆಗೆ ಮಾತ್ರ. ಸಾಧಾರಣ ದಿನದ ಗಾಳಿ ರೇಡಿಯೊ ಅಲೆಯನ್ನು ಕೊಂಚ ನೆಲದತ್ತ ಬಾಗಿಸಿ ಆ ದೂರವನ್ನು 54 ಕಿ.ಮೀ.ಗೆ ಒಯ್ಯುತ್ತದೆ. ಎತ್ತರಕ್ಕೆ ಹೋದಂತೆ ಅಲೆಯನ್ನು ಬಾಗಿಸುವ ಗಾಳಿಯ ಗುಣ ಬದಲಾಗುವ ವೇಗ ಇಮ್ಮಡಿಯಾದ ರಾತ್ರಿ ಅದೇ ದೂರ 67 ಕಿ.ಮೀ. ಆಗುತ್ತದೆ. ಅಂಚಿನಾಚೆ ಸದ್ದು ಒಮ್ಮೆಲೇ ಕಡಿದುಹೋಗುವುದಿಲ್ಲ, ಕ್ಷೀಣಿಸುತ್ತ ಹೋಗುತ್ತದೆ. ಆದರೂ ಗದಗ ಇರುವುದು ಸರಿಯಾಗಿ ಆ ಅಂಚಿನಲ್ಲಿ. ಆದ್ದರಿಂದ ಅಲ್ಲಿ ಒಂದು ದಿನ ಸ್ವಚ್ಛವಾಗಿ ಕೇಳಿಸಿದ ಕೇಂದ್ರ ಮರುದಿನ ಗೊರಗುಟ್ಟಿದರೆ ತಪ್ಪು ರೇಡಿಯೊದ್ದೇ ಆಗಿರಬೇಕಿಲ್ಲ.

ಅಲೆ ಬಾಗುತ್ತದೆ ಎಂಬ ಅರಿವು ಮೊದಲು ಮೂಡಿದ್ದು ಇದಕ್ಕಿಂತ ಬಹಳ ಮೇಲಿನ ಪದರದ ಮೂಲಕ. 1901ರ ಡಿಸೆಂಬರ್‌ನಲ್ಲಿ ಮಾರ್ಕೋನಿ ಅಟ್ಲಾಂಟಿಕ್ ಸಾಗರದಾಚೆಯಿಂದ ಬಂದ ಸಂಕೇತವನ್ನು ಕೇಳಿದ್ದಾಗಿ ಪ್ರಕಟಿಸಿದಾಗ, ನೇರವಾಗಿ ಸಾಗುವ ಅಲೆ ಭೂಮಿಯ ಉಬ್ಬನ್ನು ದಾಟಿದ್ದು ಹೇಗೆ ಎಂಬ ಪ್ರಶ್ನೆ ಎದ್ದಿತು. ಮೇಲೆಲ್ಲೋ ವಿದ್ಯುತ್ ಹರಿಯಬಲ್ಲ ಪದರವಿರಬೇಕು ಎಂದು 1902ರಲ್ಲಿ ಅಮೆರಿಕದ ಕೆನೆಲಿ ಮತ್ತು ಇಂಗ್ಲೆಂಡಿನ ಹೆವಿಸೈಡ್ ಬೇರೆ ಬೇರೆಯಾಗಿ ಊಹಿಸಿದರು. 1924ರ ಕೊನೆಗೆ ಇಂಗ್ಲೆಂಡಿನ ಭೌತವಿಜ್ಞಾನಿ ಆಪಲ್‌ಟನ್ ಅದರ ಇರವನ್ನು ಪ್ರಯೋಗದಿಂದ ತೋರಿಸಿದರು. ಧಾರವಾಡ ಆಕಾಶವಾಣಿಯ 765 ಕಿಲೊಹರ್ಟ್ಸ್‌ನ ಮಧ್ಯಮ ತರಂಗ ಹಗಲಿಗಿಂತ ರಾತ್ರಿ ದೂರದ ಊರುಗಳಿಗೆ ಮುಟ್ಟುವುದು ಅಯಾನುಗೋಳವೆನ್ನುವ ಈ ಪದರಗಳಿಂದಲೇ. ಹಗಲಿನಲ್ಲಿ ಅಲೆಯನ್ನು ಹೀರಿಕೊಳ್ಳುವ ಕೆಳಪದರ ಸೂರ್ಯ ಮುಳುಗಿದ ಮೇಲೆ ಕರಗುತ್ತದೆ, ಮೇಲಿನ ಪದರ ಅಲೆಯನ್ನು ನೆಲಕ್ಕೆ ಮರಳಿಸುತ್ತದೆ. ಆದರೆ ಎಫ್‌ಎಂ, ಟಿ.ವಿ., ರೇಡಾರ್‌ಗಳ ಅಲೆಗಳು ಸಾಮಾನ್ಯವಾಗಿ ಆ ಪದರವನ್ನು ತೂರಿಕೊಂಡು ಹೋಗಿಬಿಡುತ್ತವೆ. ಅವುಗಳ ದಾರಿಯನ್ನು ತಿದ್ದುವುದು ನಾವು ಉಸಿರಾಡುವ ಗಾಳಿಯೇ.

1933ರಲ್ಲಿ ಅಮೆರಿಕದ ಶೆಲೆಂಗ್, ಬರೋಸ್ ಮತ್ತು ಫೆರೆಲ್ ಒಂದು ಜಾಣ ಉಪಾಯ ಕೊಟ್ಟರು. ಬಾಗಿದ ಅಲೆಯನ್ನು ಬಾಗಿದಂತೆಯೇ ಬರೆಯುವ ಬದಲು, ಭೂಮಿಯ ತ್ರಿಜ್ಯವನ್ನು ಮೂರನೇ ಒಂದು ಪಾಲು ಹಿಗ್ಗಿಸಿ ಅಲೆಯನ್ನು ನೇರ ಗೆರೆಯಾಗಿ ಎಳೆಯಬಹುದು ಎಂಬುದು ಅದರ ಸಾರ. ಮೇಲಿನ 54 ಕಿ.ಮೀ. ಬಂದದ್ದು ಹಾಗೆಯೇ. ಉಪಾಯ ಎಷ್ಟು ಸುಲಭವಾಯಿತೆಂದರೆ, ಅದು ಸರಾಸರಿ ಗಾಳಿಯೊಂದರ ಲೆಕ್ಕ ಎಂಬ ಮಾತು ಹಿಂದೆ ಸರಿಯಿತು. ಅದನ್ನು ನೆನಪಿಸಿದ್ದು ಎರಡನೇ ಮಹಾಯುದ್ಧದ ರೇಡಾರ್‌ಗಳು. ಮುಂಬಯಿಯಲ್ಲಿದ್ದ 200 ಮೆಗಾಹರ್ಟ್ಸ್‌ನ ರೇಡಾರ್ ಬೇಸಿಗೆಯಲ್ಲಿ ಸಾವಿರ ಮೈಲಿಗೂ ಆಚೆಗಿದ್ದ ಅರೇಬಿಯದ ನೆಲದಿಂದ ಪ್ರತಿಧ್ವನಿ ಪಡೆಯುತ್ತಿತ್ತು. ನೆಲದ ಕಡೆಯ ಕಾದ ಒಣಗಾಳಿ ಕಡಲ ತೇವದ ಗಾಳಿಯ ಮೇಲೆ ಹಾಸಿಕೊಂಡಾಗ ನಡುವೆ ನಾಳದಂಥ ದಾರಿ ಏರ್ಪಟ್ಟು, ಒಳಹೊಕ್ಕ ಅಲೆ ಮೇಲಕ್ಕೆ ಹಾರದೆ ಕಡಲನ್ನು ಅಪ್ಪಿಕೊಂಡೇ ಸಾಗುತ್ತಿತ್ತು. ಮುಂಗಾರು ಬೀಸಿ ಗಾಳಿಯನ್ನೆಲ್ಲ ಕಲಕಿದೊಡನೆ ಈ ದೂರದೃಷ್ಟಿ ಇಲ್ಲವಾಗುತ್ತಿತ್ತು. ಈ ವಿಷಯದ ಇಡೀ ಚರಿತ್ರೆಯಲ್ಲಿ ನನಗೆ ಅತ್ಯಂತ ಮುಖ್ಯವಾಗಿ ಕಾಣುವುದು ಇದೇ, ಏಕೆಂದರೆ ಬಾಗುವಿಕೆಯ ಪ್ರಶ್ನೆ ಅಲ್ಲಿಂದ ಮುಂದೆ ಭೂಮಿತಿಯನ್ನು ಬಿಟ್ಟು ಹವಾಮಾನಕ್ಕೆ ಸೇರಿತು.

ಹವಾಮಾನದ ಅಳತೆಗಳನ್ನು ಅಲೆಯ ಲೆಕ್ಕಕ್ಕೆ ಜೋಡಿಸುವ ಸೂತ್ರವನ್ನು 1953ರಲ್ಲಿ ಸ್ಮಿತ್ ಮತ್ತು ವೈಂಟ್ರಾಬ್ ಈಗ ಬಳಕೆಯಲ್ಲಿರುವ ರೂಪಕ್ಕೆ ತಂದರು. ಗಾಳಿಯ ಒತ್ತಡ, ತಾಪ ಮತ್ತು ನೀರಾವಿಯ ಒತ್ತಡ, ಈ ಮೂರು ಸಿಕ್ಕರೆ ವಕ್ರೀಭವನದ ಮಾನ, ಅಂದರೆ ಗಾಳಿಯಲ್ಲಿ ಅಲೆ ನಿರ್ವಾತಕ್ಕಿಂತ ಎಷ್ಟು ನಿಧಾನವಾಗುತ್ತದೆ ಎಂಬುದರ ಅಂಕಿ, ಸಿಗುತ್ತದೆ. ನಮ್ಮ ಬಯಲಿನ ಎತ್ತರಕ್ಕೆ ಹೊಂದುವ ಒತ್ತಡವನ್ನಿಟ್ಟು, ಮಾರ್ಚ್ ತಿಂಗಳ 35 ಡಿಗ್ರಿಯ ಒಣ ಮಧ್ಯಾಹ್ನಕ್ಕೆ ಲೆಕ್ಕ ಹಾಕಿದರೆ ಅದು ಸುಮಾರು 275. ಜುಲೈನ 24 ಡಿಗ್ರಿಯ ಜಿಟಿಜಿಟಿ ಮಳೆಯ ಸಂಜೆಗೆ ಸುಮಾರು 355. ವ್ಯತ್ಯಾಸದ ಬಹುಪಾಲು ನೀರಾವಿಯದು. ಹಾಗೆಂದು ಜುಲೈನಲ್ಲಿ ಅಲೆ ಹೆಚ್ಚು ದೂರ ಹೋಗುತ್ತದೆ ಎಂದು ತಿಳಿದರೆ ತಪ್ಪಾಗುತ್ತದೆ. ಅಲೆಯನ್ನು ಬಾಗಿಸುವುದು ನೆಲದ ಮೇಲಿನ ಅಂಕಿಯಲ್ಲ, ಎತ್ತರಕ್ಕೆ ಹೋದಂತೆ ಆ ಅಂಕಿ ಇಳಿಯುವ ಬಗೆ. ಪ್ರತಿ ಕಿ.ಮೀ.ಗೆ ಸುಮಾರು 40 ಮಾನ ಇಳಿದರೆ ಅದು ಸಾಧಾರಣ ದಿನ. ಇಳಿತ 157 ಮುಟ್ಟಿದರೆ ಅಲೆ ಭೂಮಿಯಷ್ಟೇ ಬಾಗಿ ಅದರ ಜೊತೆಗೇ ಸುತ್ತುತ್ತದೆ, ಅದನ್ನೂ ಮೀರಿದರೆ ನಾಳ.

ಈ ಕಾರಣಕ್ಕೆ ನಮ್ಮ ಭಾಗದಲ್ಲಿ ಕಾಯಬೇಕಾದದ್ದು ಮಾಗಿಯ ರಾತ್ರಿಗಳನ್ನು. ಮೋಡವಿಲ್ಲದ, ಗಾಳಿ ಅಲುಗದ ರಾತ್ರಿಯಲ್ಲಿ ನೆಲ ಬೇಗ ತಣಿದು, ಅದಕ್ಕೆ ಅಂಟಿದ ಗಾಳಿ ಮೇಲಿನದಕ್ಕಿಂತ ತಂಪಾಗುತ್ತದೆ. ತೇವ ಕೆಳಗೇ ಉಳಿದು ಮೇಲೆ ಒಣಗಾಳಿ ಇದ್ದರೆ ಇಳಿತ ಕಡಿದಾಗುತ್ತದೆ. ಆದರೆ ಕಡಲೆ, ಜೋಳದ ಹೊಲಗಳ ಮೇಲೆ ಇಬ್ಬನಿ ದಟ್ಟವಾಗಿ ಬಿದ್ದರೆ ಆ ತೇವವೇ ಗಾಳಿಯಿಂದ ನೆಲಕ್ಕೆ ಇಳಿದುಹೋಗಿ, ಕೆಳಗಿನ ಗಾಳಿ ಮೇಲಿನದಕ್ಕಿಂತ ಒಣಗಿ, ಅಲೆ ಬಾಗುವುದು ಕಡಿಮೆಯಾಗಲೂಬಹುದು. ಎರಡು ರಾತ್ರಿಗಳು ಮೈಗೆ ಒಂದೇ ಚಳಿ ತೋರಿದರೂ ಅಲೆಗೆ ಒಂದೇ ಅಲ್ಲ.

ಮುನ್ಸೂಚನೆ ತೊಡಕಾಗುವುದು ಇಲ್ಲಿಯೇ. ಅಲೆಯ ದಾರಿಯನ್ನು ಹಂತಹಂತವಾಗಿ ಲೆಕ್ಕ ಹಾಕುವ ಗಣಿತ 1970ರ ದಶಕದಿಂದಲೂ ಗಣಕಯಂತ್ರಗಳಿಗೆ ಒಗ್ಗಿದೆ. ಅದಕ್ಕೆ ಉಣಿಸಬೇಕಾದ ಗಾಳಿಯ ಅಳತೆ ಮಾತ್ರ ವಿರಳ. ಹವಾಮಾನ ಇಲಾಖೆಯ ಬಲೂನುಗಳು ಬೆಳಗಿನ ಮತ್ತು ಸಂಜೆಯ 5:30ರ ಲೆಕ್ಕಕ್ಕೆ ಏರುತ್ತವೆ; ನಮಗೆ ಹತ್ತಿರದ್ದು ಗೋವಾದ್ದು. ಅದು ಕಡಲ ಮಟ್ಟದ ಗಾಳಿಯನ್ನು ಅಳೆಯುತ್ತದೆ, ಹುಬ್ಬಳ್ಳಿ–ಗದಗ ಇರುವುದು ಸಹ್ಯಾದ್ರಿಯ ಈಚೆಗೆ, 600 ಮೀಟರ್‌ಗೂ ಎತ್ತರದಲ್ಲಿ. ಬಲೂನು ಸೆಕೆಂಡಿಗೆ ಸುಮಾರು 5 ಮೀಟರ್ ಏರುವುದರಿಂದ, ಎಲ್ಲವೂ ನಿರ್ಧಾರವಾಗುವ ಮೊದಲ ನೂರು ಮೀಟರ್ ಇಪ್ಪತ್ತೇ ಸೆಕೆಂಡಿನಲ್ಲಿ ಮುಗಿದುಹೋಗುತ್ತದೆ. ಈ ಬಯಲಿನ ಗೋಪುರವೊಂದರ ಬುಡದಲ್ಲಿ ಮತ್ತು ತುದಿಯಲ್ಲಿ ತಾಪ, ತೇವದ ಮಾಪಕಗಳನ್ನಿಟ್ಟು, ಗದಗದ ಮಾಳಿಗೆಯಲ್ಲಿ ಅದೇ ಹೊತ್ತಿಗೆ ಹುಬ್ಬಳ್ಳಿಯ ಸಂಕೇತದ ಬಲವನ್ನು ಒಂದು ಮಾಗಿಯ ಉದ್ದಕ್ಕೂ ಬರೆದಿಟ್ಟರೆ, ಇಬ್ಬನಿಯ ರಾತ್ರಿ ಯಾವುದು, ನಾಳದ ರಾತ್ರಿ ಯಾವುದು ಎಂಬುದನ್ನು ಗೋವಾದ ಬಲೂನಿಗಿಂತ ಆ ಎರಡು ಮಾಪಕಗಳೇ ಸ್ಪಷ್ಟವಾಗಿ ಬೇರ್ಪಡಿಸಬಲ್ಲವು.