ಕಲ್ಲಿಲ್ಲದ ಸೀಮೆಯ ಮಣ್ಣುಂಡೆ

ಅಮೆರಿಕದ ಲೂಯಿಸಿಯಾನದಲ್ಲಿ, ಮಿಸಿಸಿಪ್ಪಿ ನದಿಯ ಬಯಲಿನಲ್ಲಿ, ಪಾವರ್ಟಿ ಪಾಯಿಂಟ್ ಅಂತ ಒಂದು ಜಾಗವಿದೆ. ಅಲ್ಲಿ ಅಗೆದಷ್ಟೂ ಸುಟ್ಟ ಮಣ್ಣಿನ ಉಂಡೆಗಳು ಸಿಗುತ್ತವೆ. ಅಂಗೈಯಲ್ಲಿ ಹಿಡಿಯುವಷ್ಟು ಗಾತ್ರ. ಕೆಲವು ದುಂಡಗಿವೆ, ಕೆಲವು ಚಪ್ಪಟೆ. ಇನ್ನು ಕೆಲವನ್ನು ಹಸಿ ಇದ್ದಾಗಲೇ ಮುಷ್ಟಿಯಲ್ಲಿ ಹಿಂಡಿದ್ದಾರೆ, ಬೆರಳಿನ ಗುರುತು ಸಾಲಾಗಿ ಹಾಗೇ ಉಳಿದಿದೆ. ಮೂರು ಸಾವಿರ ವರ್ಷಕ್ಕೂ ಹಿಂದಿನ ಯಾರದೋ ಬೆರಳು!

ಇವು ಅಡುಗೆ ಸಾಮಾನು. ಬೇರೆ ಕಡೆ ಜನ ಕಲ್ಲು ಕಾಯಿಸಿ, ಗುಂಡಿಗೆ ಹಾಕಿ, ಆ ಕಾವಿನಲ್ಲಿ ಬೇಯಿಸುತ್ತಿದ್ದರು. ನದಿ ತಂದು ಹಾಕಿದ ಹೂಳಿನ ಬಯಲಲ್ಲಿ ಕಲ್ಲೆಲ್ಲಿಂದ ತರೋದು? ಹಾಗಾಗಿ ಇಲ್ಲಿಯವರು ಮಣ್ಣಿನಲ್ಲೇ ಕಲ್ಲು ಮಾಡಿಕೊಂಡರು. ಈಟಿಯ ಮೊನೆಗೆ ಬೇಕಾದ ಒಳ್ಳೆಯ ಕಲ್ಲು ಮಾತ್ರ ನೂರಾರು ಕಿಲೋಮೀಟರ್ ದೂರದಿಂದ ಬರುತ್ತಿತ್ತು.

ಇವರು ಬೇಸಾಯ ಮಾಡಿದವರಲ್ಲ. ಮೀನು, ಜಿಂಕೆ, ಕಾಡಿನ ಕಾಯಿಗಳೇ ಊಟ. ಆದರೂ ಬುಟ್ಟಿಯಲ್ಲಿ ಮಣ್ಣು ಹೊತ್ತು ಸುಮಾರು 22 ಮೀಟರ್ ಎತ್ತರದ ದಿಬ್ಬ ಕಟ್ಟಿದರು. ವಿಜ್ಞಾನಿಗಳು ಅದರ ಒಳಗಿನ ಮಣ್ಣು ತೆಗೆದು ನೋಡಿದಾಗ, ಪದರಗಳ ನಡುವೆ ಮಳೆನೀರು ಕೊರೆದ ಗುರುತೇ ಇರಲಿಲ್ಲ. ಅದೋ ಜಾಸ್ತಿ ಮಳೆ ಬೀಳುವ ಸೀಮೆ. ಹಾಗಿದ್ದರೆ ಮಳೆಗೆ ಅವಕಾಶ ಕೊಡದಂತೆ, ಬಹುಶಃ ಮೂರು ತಿಂಗಳೊಳಗೆ ಕೆಲಸ ಮುಗಿಸಿರಬೇಕು ಎಂದು ಕೆಲವು ಸಂಶೋಧಕರ ಲೆಕ್ಕ. ಇಂಥ ಜಾಗಕ್ಕೆ 'ಬಡತನದ ಮೂಲೆ' ಎಂಬ ಅರ್ಥದ ಹೆಸರು! 19ನೇ ಶತಮಾನದಲ್ಲಿ ಅಲ್ಲಿದ್ದ ಒಂದು ತೋಟದಿಂದ ಅಂಟಿದ್ದು.

ಇಷ್ಟೆಲ್ಲ ಆದ ಮೇಲೆ, 1541ರಲ್ಲಿ, ಸ್ಪೇನಿನ ಹೆರ್ನಾಂಡೊ ಡಿ ಸೋಟೊ ಈ ನದಿಯನ್ನು 'ಕಂಡುಹಿಡಿದ'ನಂತೆ. ಆಗ ದಡದುದ್ದಕ್ಕೂ ಮೆಕ್ಕೆಜೋಳ ಬೆಳೆಯುವವರ ಊರುಗಳಿದ್ದವು. ತಾನು ಸೂರ್ಯನ ಮಗ, ಬಂದು ಕಾಣಿಕೆ ಒಪ್ಪಿಸು ಎಂದು ಡಿ ಸೋಟೊ, ಕ್ವಿಗುಅಲ್ಟಾಮ್ ಎಂಬ ನಾಯಕನಿಗೆ ಹೇಳಿಕಳಿಸಿದ. ಅವನ ಉತ್ತರವನ್ನು ದಂಡಿನ ಜೊತೆಗಿದ್ದ ಒಬ್ಬ ಪೋರ್ಚುಗೀಸ ಬರೆದಿಟ್ಟಿದ್ದಾನೆ: ಸೂರ್ಯನ ಮಗನಾದರೆ ಈ ದೊಡ್ಡ ನದಿಯನ್ನು ಒಣಗಿಸು, ಆಮೇಲೆ ನಂಬುತ್ತೇನೆ.

ಡಿ ಸೋಟೊ 1542ರ ಮೇ ತಿಂಗಳಲ್ಲಿ ಜ್ವರದಿಂದ ಸತ್ತ. ಸ್ಥಳೀಯರಿಗೆ ಸಾವು ಗೊತ್ತಾಗಬಾರದು ಎಂದು ಸಂಗಡಿಗರು ರಾತ್ರಿ ಹೊತ್ತು ಹೆಣವನ್ನು ಅದೇ ನದಿಯಲ್ಲಿ ಮುಳುಗಿಸಿದರು. ಮರುವರ್ಷ ಸೆರೆಯಾಳುಗಳ ಸರಪಳಿ ಕರಗಿಸಿ ಮೊಳೆ ಮಾಡಿ, ಏಳು ದೋಣಿ ಕಟ್ಟಿ ಓಡಿಹೋದರು. ಕ್ವಿಗುಅಲ್ಟಾಮನ ಕಡೆಯವರು ಸಾಲು ಸಾಲು ದೋಣಿಗಳಲ್ಲಿ ಅಟ್ಟಿಸಿಕೊಂಡು ಬಂದರು.

1682ರಲ್ಲಿ ಫ್ರಾನ್ಸಿನ ಲಾ ಸಾಲ್ ಈ ನದಿಗುಂಟ ಇಳಿದು ಸಮುದ್ರ ಮುಟ್ಟಿದ. ಅಷ್ಟರಲ್ಲಿ ಸ್ಪೇನಿನವರು ನೋಡಿದ್ದ ಊರುಗಳಲ್ಲಿ ಹೆಚ್ಚಿನವು ಖಾಲಿ. ಹೊರಗಿಂದ ಬಂದ ರೋಗಗಳು ಒಂದು ಕಾರಣ ಎನ್ನುತ್ತಾರೆ. ಇನ್ನೊಂದು ಸುಳಿವು ಹಳೆಯ ಮರಗಳ ಒಳಗಿದೆ. ಮರದ ಕಾಂಡದಲ್ಲಿ ವರ್ಷಕ್ಕೊಂದು ಉಂಗುರ ಮೂಡುತ್ತದೆ, ಮಳೆ ಕೈಕೊಟ್ಟ ವರ್ಷ ಅದು ತೆಳ್ಳಗಿರುತ್ತದೆ. 16ನೇ ಶತಮಾನದ ಕೊನೆಯ ಹೊತ್ತಿನ ಉಂಗುರಗಳು ಅಲ್ಲಿ ಒತ್ತೊತ್ತಾಗಿ ಕೂತಿವೆ.